ಹಕ್ಕಲಿಗೆ ಬಂದವರು

ಹಸಿ ಶೇಂಗಾಕಾಯಿಯ ಮಣ್ಣನ್ನು ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಳ್ಳುವಾಗಲೆಲ್ಲ ನನಗೆ ಇಂಗ್ಲಿಷಿನ ‘ಗ್ಲೀನ್’ ಎಂಬ ಕ್ರಿಯಾಪದ ನೆನಪಾಗುತ್ತದೆ. ನಗಬೇಡಿ, ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳ ಹಣೆಬರಹವೇ ಇಷ್ಟು. ಕೊಯ್ಲಾದ ಹೊಲದಲ್ಲಿ ಉಳಿದದ್ದನ್ನು ಆಯುವುದು ಅದರ ಮೊದಲ ಅರ್ಥ. ಅಲ್ಲೊಂದು ಇಲ್ಲೊಂದು ಮಾತು ಹೆಕ್ಕಿ ಸಂಗತಿ ತಿಳಿದುಕೊಳ್ಳುವುದು ಎರಡನೆಯದು. ನಿಘಂಟಿನಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಿ. ನಾನಾದರೋ ಎರಡನ್ನೂ ಒಂದೇ ಮಧ್ಯಾಹ್ನ, ಒಬ್ಬಳೇ ಹೆಂಗಸಿನ ಕೈಯಲ್ಲಿ ಕಂಡು ನಡುಗಿದವಳು.

ಎಪ್ಪತ್ತರ ದಶಕದ ಮಾತು. ಧರ್ಮಪುರದ ಕಡೆಯ ನಮ್ಮೂರಲ್ಲಿ ಶೇಂಗಾ ಕಿತ್ತು ಬಳ್ಳಿ ಸಾಗಿಸಿದ ಮೇಲೆ ನೆಲದಲ್ಲಿ ಉಳಿದ ಕಾಯಿ ಆರಿಸಿಕೊಳ್ಳಲು ಯಾರು ಬೇಕಾದರೂ ಬರಬಹುದಿತ್ತು. ಅದೇ ಹಕ್ಕಲು. ಹಕ್ಕಲಿಗೆ ಬಂದವರನ್ನು ಯಾವೂರು, ಯಾರ ಪೈಕಿ ಎಂದು ಕೇಳುವ ರೂಢಿಯಿರಲಿಲ್ಲ; ಕೇಳಿದರೆ ಹೊಟ್ಟೆಗಿಲ್ಲದವರನ್ನು ನಾಚಿಸಿದಂತೆ. ಹೆಣ್ಣು ನೋಡುವ ಮೊದಲು ಗುಟ್ಟಾಗಿ ವಿಚಾರಿಸಲು ಬರುವವರು ಈ ಮರ್ಯಾದೆಯನ್ನೇ ಬಳಸಿಕೊಳ್ಳುತ್ತಿದ್ದರು.

ನನ್ನಕ್ಕ ತಿಪ್ಪಮ್ಮನಿಗೆ ಶ್ರೀರಾಂಪುರದ ಕಡೆಯಿಂದ ಸಂಬಂಧ ಬರುವುದರಲ್ಲಿತ್ತು. ಅಕ್ಕನಿಗೆ ಮೂರ್ಛೆ ರೋಗ. ವರ್ಷಕ್ಕೆ ಒಂದೆರಡು ಸಲ ಬರುತ್ತಿತ್ತು. ಅದೇ ಕಾರಣಕ್ಕೆ ಎರಡು ಸಂಬಂಧ ಮುರಿದಿದ್ದವು. ಇದೂ ಮುರಿದರೆ ಅವಳ ಮದುವೆಯ ಮಾತೇ ಎತ್ತುವುದಿಲ್ಲ ಎಂದು ಅಪ್ಪ ಹೇಳಿಬಿಟ್ಟಿದ್ದ. ಅವ್ವ ಕೇರಿಯ ಹೆಂಗಸರಿಗೆಲ್ಲ ಕೈಮುಗಿದು ಅವರ ಬಾಯಿ ಕಟ್ಟಿದ್ದಳು. ನನಗೆ ಮಾತ್ರ ಕೈಮುಗಿಯಲಿಲ್ಲ, ಕಣ್ಣು ಬಿಟ್ಟಳು. ಹದಿನಾಲ್ಕರ ನಾನು ಮೊದಲೇ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಡವಡವ ಎನ್ನುತ್ತಿತ್ತು.

ಅಂದು ನನ್ನ ಪಕ್ಕದ ಸಾಲಿಗೆ ಬಂದು ಕುಳಿತ ಹೆಂಗಸಿನ ಗುರುತು ಯಾರಿಗೂ ಇರಲಿಲ್ಲ. ಬೆರಳು ಮಣ್ಣು ಕೆದಕುತ್ತಿತ್ತು, ಮಾತು ಮಳೆ, ಕುರಿ, ಬಸ್ಸು ಎಂದು ಅಲೆಯುತ್ತಿತ್ತು. ಉಡಿಯಲ್ಲಿ ಕಾಯಿ ಮಾತ್ರ ಹೆಚ್ಚುತ್ತಿರಲಿಲ್ಲ. ಈಕೆ ಬಂದದ್ದು ಕಾಯಿಗಲ್ಲ ಎಂದುಕೊಂಡೆ. ಆಕೆ ಬಲು ಮೆತ್ತಗೆ ಕೇಳಿದರು: “ನಿಮ್ಮಕ್ಕ ಬಂದಿಲ್ಲೇನವ್ವ ಇವತ್ತು?”

ನನಗೊಬ್ಬ ಅಕ್ಕ ಇದ್ದಾಳೆಂದು ನಾನು ಹೇಳಿಯೇ ಇರಲಿಲ್ಲ.

“ಇಲ್ರಿ... ಅವಳಿಗೇನೂ ಆಗಿಲ್ರಿ,” ಎಂದೆ.

ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಆಕೆ ಮತ್ತೇನೂ ಕೇಳದೆ ಸೆರಗು ಕೊಡವಿಕೊಂಡು ಎದ್ದು ಬಸ್ಸಿನ ದಾರಿ ಹಿಡಿದರು.

ಆಮೇಲೆ ಎರಡು ವಾರ ಬೀದಿಯಲ್ಲಿ ಯಾರು ದನಿ ತಗ್ಗಿಸಿದರೂ ಅಕ್ಕನದೇ ಸುದ್ದಿ ಎನಿಸುತ್ತಿತ್ತು. ಅಕ್ಕ, ಪಾಪ, ಇದ್ದೊಂದು ಒಳ್ಳೆಯ ಸೀರೆಯನ್ನು ಮಡಚಿ ದಿಂಬಿನಡಿ ಇಟ್ಟು ಸುಕ್ಕು ಬಿಡಿಸುತ್ತಿದ್ದಳು. ಅದನ್ನು ನೋಡಿ ಸತ್ತಾದರೂ ಹೋಗಬಾರದೇ ಎನಿಸುತ್ತಿತ್ತು. ಹೊಲದಲ್ಲಿ ಬಿಟ್ಟ ಕಾಯಿಯನ್ನು ಯಾರು ಒಯ್ದರೂ ನಷ್ಟವಿಲ್ಲ, ಬಾಯಿಂದ ಬಿದ್ದದ್ದನ್ನು ಒಯ್ದವರು ಮನೆಯನ್ನೇ ಹಾಳುಮಾಡಬಹುದು ಎಂಬ ಅಂದಿನ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಕರೆಂಟ್ ಬಿಲ್ಲಿನವನು ಹೆಸರು ಕೇಳಿದರೂ ಯೋಚಿಸಿಯೇ ಹೇಳುತ್ತೇನೆ.

ಕೊನೆಗೂ ಹೆಣ್ಣು ನೋಡಲು ಬಂದರು. ಗಂಡಿನ ತಾಯಿಯೆಂದು ಚಾಪೆಯ ಮೇಲೆ ಕುಳಿತಿದ್ದವರು ಹಕ್ಕಲಿನ ಆ ಹೆಂಗಸೇ. ನಾನು ಅಡುಗೆಮನೆಯ ಮೂಲೆ ಸೇರಿದೆ. ನೀರು ಬೇಕೆಂದು ಎದ್ದವರು ನೆಟ್ಟಗೆ ಒಳಗೆ ಬಂದು ನನ್ನ ಕೈ ಹಿಡಿದುಕೊಂಡರು.

“ಅವಳಿಗೆ ಮೂರ್ಛೆ ಬಂದಾಗ ನೀವೆಲ್ಲ ಏನ್ ಮಾಡ್ತೀರಿ? ಅದನ್ನ ನಂಗೆ ಹೇಳ್ಕೊಡವ್ವ,” ಎಂದರು.

ಮಗ್ಗುಲಾಗಿ ಮಲಗಿಸಬೇಕು, ಅದುಮಿ ಹಿಡಿಯಬಾರದು, ಎಚ್ಚರಾದಾಗ ಎದುರಿಗೆ ಗುಂಪಿರಬಾರದು, ಅವಳಿಗೆ ನಾಚಿಕೆಯಾಗುತ್ತದೆ ಎಂದು ತೊದಲಿದೆ. ಆಕೆ ನೀರಿನ ಚೊಂಬು ಹಿಡಿದು ಅಲ್ಲಿಯೇ ನಿಂತು, ಒಂದೊಂದನ್ನೂ ಮೆಲ್ಲಗೆ ಮತ್ತೆ ಮತ್ತೆ ಹೇಳಿಕೊಂಡು ಬಾಯಿಪಾಠ ಮಾಡಿಕೊಂಡರು.