ಅರ್ಡಿಸ್ ಹಿಂದಕ್ಕೆ ಹೋಗಿ ಗೆದ್ದದ್ದು

ಅರ್ಡಿಸ್ ಟಾಲೆಫ್ಸನ್ ಟ್ರಕ್ಕಿಗೆ ಸಿಕ್ಕಿಸಿ ಹಿಂದಕ್ಕೆ ಬಿಟ್ಟ ಟ್ರೇಲರ್ ಮನೆ ಮೊದಲು ಮುಟ್ಟಿದ್ದು ನೀರಿನ ನಲ್ಲಿಯನ್ನು. ನಲ್ಲಿ ವಾಲಿತು, ಕಾರಂಜಿ ಎದ್ದಿತು. ಹಿಂದೆ ನಿಂತು ದಾರಿ ತೋರಿಸುತ್ತಿದ್ದ ಗಂಡ ಡೆಲ್ಮರ್, ಪ್ಲಾಸ್ಟರ್ ಹಾಕಿದ ಕೈಯೊಂದನ್ನು ಬಾವುಟದಂತೆ ಎತ್ತಿ ಉಳಿಸಿಕೊಂಡು, ಮಿಕ್ಕದ್ದೆಲ್ಲ ತೊಯ್ದು ತೊಪ್ಪೆಯಾದ.

ಜನ ಟ್ರೇಲರ್ ತಂದು ರಜೆ ಕಳೆಯುವ, ಮಿನೆಸೋಟದ ಸರೋವರದ ದಂಡೆಯ ನಮ್ಮ ಪಾರ್ಕಿನಲ್ಲಿ ಶುಕ್ರವಾರ ಸಂಜೆ ಇದಕ್ಕಿಂತ ದೊಡ್ಡ ಮನರಂಜನೆಯಿಲ್ಲ. ಅಷ್ಟು ಚಂದದ ಸರೋವರಕ್ಕೆ ಬೆನ್ನು ಹಾಕಿ, ಮಡಚುವ ಕುರ್ಚಿಗಳನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕೂರುತ್ತೇವೆ. ಬಂದವರು ಪೈನ್ ಮರಗಳ ಸಂದಿಯಲ್ಲಿ ಟ್ರೇಲರನ್ನು ಹಿಂದಕ್ಕೆ ತೂರಿಸಬೇಕು. ಗಂಡ ಸ್ಟಿಯರಿಂಗ್ ಹಿಡಿಯುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಾಳೆ, ಬೈಸಿಕೊಳ್ಳುತ್ತಾಳೆ. ಮದುವೆಯಾದಾಗಿನಿಂದ ಅರ್ಡಿಸಳ ಸನ್ನೆಗೆ ಡೆಲ್ಮರ್ ಕೊಟ್ಟ ಬೆಲೆ ಸೊನ್ನೆ. ಈ ಬೇಸಿಗೆ ಅವನು ಏಣಿಯಿಂದ ಬಿದ್ದು ಕೈ ಮುರಿದುಕೊಂಡದ್ದರಿಂದ ಸ್ಟಿಯರಿಂಗ್ ಇವಳ ಕೈಗೆ ಬಂದಿತ್ತು.

"ಸಾಕು ಇಳಿಯೇ!" ಎಂದ ಡೆಲ್ಮರ್. "ಕೀ ಡ್ವೇನ್‌ಗೆ ಕೊಡು. ಇಲ್ಲಾಂದ್ರೆ ಮನೆಗೆ ನಡಿ."

ಎದುರು ಟ್ರೇಲರಿನ ಡ್ವೇನ್ ಸಾಸೇಜ್ ಸುಡುವ ಇಕ್ಕಳ ಹಿಡಿದೇ ಎದ್ದ. "ಕೊಡಿ ಅಕ್ಕಾ, ಚಿಟಿಕೆ ಹೊಡೆಯೋದ್ರಲ್ಲಿ ನಿಲ್ಲಿಸ್ತೀನಿ."

ಅರ್ಡಿಸ್ ಶಾಲೆಯ ಊಟದ ಮನೆಯಲ್ಲಿ ಇಡೀ ಊರಿನ ಮಕ್ಕಳನ್ನು ಸೌಟಿನ ಸದ್ದಿನಲ್ಲೇ ಸಾಲು ನಿಲ್ಲಿಸಿದವಳು. "ಕೂತ್ಕೊಳ್ಳೋ ಡ್ವೇನ್, ನಿನ್ನ ಸಾಸೇಜ್ ಸೀದು ಹೋಗ್ತಿದೆ. ಹೋದ ವರ್ಷ ನಿನ್ನ ಟ್ರೇಲರ್ ಪೊದೆಗೆ ನುಗ್ಗಿದ್ದು ಮರೆತುಹೋಯ್ತಾ? ಡೆಲ್ಮರ್, ನೀನೂ ಕೂತ್ಕೋ. ಇರೋ ಒಂದು ಕೈಯಲ್ಲಿ ಎಡಾನೂ ತೋರಿಸ್ತೀಯ, ಬಲಾನೂ ತೋರಿಸ್ತೀಯ!"

ಪಾರ್ಕಿನವರು ಬಂದು ನೀರು ನಿಲ್ಲಿಸಿದರು. ಡೆಲ್ಮರ್ ನನ್ನ ಪಕ್ಕದ ಕುರ್ಚಿಯಲ್ಲಿ ತೊಟ್ಟಿಕ್ಕುತ್ತ ಕೂತ. ಅರ್ಡಿಸ್ ಹಿಂದೇಟು ಹಾಕದೆ ಹಿಂದಕ್ಕೆ ಹೊರಟಳು. ಟ್ರಕ್ಕನ್ನು ಮುಂದಕ್ಕೆ ಎಳೆದು, ನೇರ ಮಾಡಿ, ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೆ ಒತ್ತಿದಳು. ಟ್ರೇಲರಿನ ಬಾಲ ಬಲಕ್ಕೆ ಹೊರಳಿತು. ಮರದ ತೊಗಟೆಗೂ ತಗಲಲಿಲ್ಲ, ಕಲ್ಲಿನ ಒಲೆಗೂ ಸೋಕಲಿಲ್ಲ. ಒಮ್ಮೆಯೂ ನಿಲ್ಲದೆ, ಡಬ್ಬಿಗೆ ಮುಚ್ಚಳ ಕೂತಂತೆ ಒಳಗೆ ಕೂತಿತು.

ಸಾಲಿಗೆ ಸಾಲೇ ಎದ್ದು ಚಪ್ಪಾಳೆ ತಟ್ಟಿತು. ಬಾಣಲೆ ಬಡಿದರು, ಶಿಳ್ಳೆ ಹಾಕಿದರು. ಏನೂ ಗೊತ್ತಿಲ್ಲದೆಯೇ ಸರೋವರದಿಂದ ಯಾರೋ ದೋಣಿಯ ಹಾರನ್ ಒತ್ತಿದರು. ಡೆಲ್ಮರ್ ಕೂಡ ಚಪ್ಪಾಳೆ ತಟ್ಟಿದ, ಸರಿಯಿದ್ದ ಕೈಯಲ್ಲಿ ತನ್ನ ತೊಡೆಗೆ.

ಡ್ವೇನನ ಹೆಂಡತಿ ರೋಂಡ ಓಡಿಹೋಗಿ ತಬ್ಬಿಕೊಂಡಳು. "ಅರ್ಡಿಸಕ್ಕಾ, ಇನ್ಮೇಲೆ ಪ್ರತಿ ವರ್ಷ ಸ್ಟಿಯರಿಂಗ್ ನಿಮ್ದೇ ತಾನೆ?"

"ಅಯ್ಯೋ, ಬೇಡ್ವೇ ತಾಯಿ, ಅವನೇ ಮಾಡ್ಕೊಳ್ಳಲಿ," ಎಂದಳು ಅರ್ಡಿಸ್. "ಇಷ್ಟು ಸುಲಭದ ಕೆಲಸಕ್ಕೆ ನಾನ್ಯಾಕೆ?"