ಗದ್ದದ ಕೆಳಗೊಂದು ಸುಳಿ

ಪುಣೆಯ ಬಿಬವೇವಾಡಿಯ ಓಣಿಗೆ ಹಾಲಿನ ಟೆಂಪೋ ಬರುವ ಹೊತ್ತಿಗೆ ಲಾಲಪ್ಪನವರ ಕಟಿಂಗ್ ಅಂಗಡಿಯ ಷಟರ್ ಅರ್ಧ ಮೇಲೆದ್ದಿರುತ್ತದೆ. ಹೊರಗಿನಿಂದ ಅವರ ಕಾಲಷ್ಟೇ ಕಾಣುತ್ತದೆ, ಜತೆಗೆ ಸರ್‌ ಸರ್‌ ಎಂಬ ಸದ್ದು. ಚರ್ಮದ ಪಟ್ಟಿಯ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ಎಡಗೈಗೆ. ಬಲಗೈಯ ಮಡಚುಗತ್ತಿ ಪಟ್ಟಿಯ ಮೇಲೆ ಹೋಗಿ ಬರುತ್ತಿದೆ. ಸಾಕೆನಿಸಿದಾಗ ಮುಂಗೈಯ ಒಂದು ಕೂದಲಿಗೆ ಅಲಗು ತಾಗಿಸಿ ನೋಡುತ್ತಾರೆ. ಬಿದ್ದರೆ ಸರಿ, ಬಗ್ಗಿದರೆ ಮತ್ತೆ ಪಟ್ಟಿ. ಹೀಗಾಗಿ ಅವರ ಎಡ ಮುಂಗೈಯಲ್ಲಿ ಕೂದಲೆಂಬುದು ನಿಂತ ದಿನವೇ ಇಲ್ಲ.

ಈ ಕತ್ತಿ ಎಲ್ಲರಿಗೂ ಅಲ್ಲ. ದಿನಕ್ಕೆ ಬರುವ ಇಪ್ಪತ್ತು ಇಪ್ಪತ್ತೈದು ಗಿರಾಕಿಗಳಿಗೆ ಅರ್ಧ ಬ್ಲೇಡು ಮುರಿದು ಹಾಕುವ ವಸ್ತರಾ ಸಾಕು. ಅವರಿಗೆಲ್ಲ ಆಫೀಸಿನ ಅವಸರ. ಮಡಚುಗತ್ತಿ ಇರುವುದು ಒಬ್ಬರಿಗಾಗಿ: ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದ ಪ್ರಲ್ಹಾದರಾಯರಿಗೆ. ಕತ್ತಿ ಅವರದೇ, ಅವರ ತಂದೆಯ ಕಾಲದ್ದು. ಅಂಗಡಿಯ ಮೇಲಿನ ಹಲಗೆಯಲ್ಲಿ ಅದಕ್ಕೆ ಬೇರೆ ಡಬ್ಬಿ, ಬೇರೆ ಬಟ್ಟೆ. ಇನ್ನೊಬ್ಬರ ಕೆನ್ನೆಗೆ ಅದನ್ನು ತಾಗಿಸುವ ಮಾತೇ ಇಲ್ಲ.

ಲಾಲಪ್ಪ ಯಾದಗಿರಿ ಕಡೆಯವರು. ಪುಣೆಗೆ ಬಂದ ಹೊಸತರಲ್ಲಿ ಸಿಮೆಂಟು ಕಲೆಸಿದರು, ಹೆಂಡತಿ ಮಾನಮ್ಮ ಇಟ್ಟಿಗೆ ಹೊತ್ತರು. ಲಾಲಪ್ಪನವರ ತಂದೆ ಊರ ಬೇವಿನ ಮರದ ಕೆಳಗೆ ನೆಲದ ಮೇಲೆ ಕೂತು ಊರಿನ ಗಡ್ಡವನ್ನೆಲ್ಲ ಬೋಳಿಸಿದವರು. ಗಿರಾಕಿ ಎದುರಿಗೆ, ಅವರೂ ಎದುರಿಗೆ, ನಡುವೆ ಒಂದು ನೀರಿನ ಬಟ್ಟಲು. ಬಂದುಹೋಗುವವರು ಕಾಲಿನಿಂದ ಧೂಳೆಬ್ಬಿಸಿ ಹೋಗುತ್ತಿದ್ದರು. ಅದನ್ನು ನೋಡಿ ಬೆಳೆದ ಮಗ ಒಂದು ಹಟ ಹಿಡಿದರು.

"ನಾ ನಿಂತೇ ಕೆಲಸ ಮಾಡ್ತೀನಿ ಅಂದಿದ್ದೆರಿ. ಏನಾರ ಆಗ್ಲಿ, ನೆಲಕ್ಕ ಕುಂದ್ರಂಗಿಲ್ಲ" ಎನ್ನುತ್ತಾರೆ ಲಾಲಪ್ಪ. ಹಾಗೆ ಬಂದದ್ದು ಅಂಗಡಿಯ ಕೆಂಪು ಕುರ್ಚಿ. ಹಿಡಿ ಎಳೆದರೆ ಬೆನ್ನು ಒರಗುತ್ತದೆ, ತಲೆಗೆ ಮೆತ್ತೆ ಇದೆ. ದಿನಾ ಬೆಳಿಗ್ಗೆ ದೇವರ ಪಟಕ್ಕಿಂತ ಮೊದಲು ಅವರು ಒರೆಸುವುದು ಅದನ್ನೇ. ಮಾನಮ್ಮ ಇದಕ್ಕೆ ನಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ತಂದೆಯಿಂದ ಅವರು ಇಟ್ಟುಕೊಂಡ ಪದ್ಧತಿ ಒಂದೇ, ಅರಳೆಯ ಪರೀಕ್ಷೆ. ದಾಡಿ ಮುಗಿದ ಮೇಲೆ ಹತ್ತಿಯ ಒಂದು ಎಳೆಯನ್ನು ಕೆನ್ನೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಎಲ್ಲೂ ಸಿಕ್ಕಿಕೊಳ್ಳದೆ ಬಂದರೆ ಅದು ದಾಡಿ. ಸಿಕ್ಕಿಕೊಂಡರೆ ಬರೀ ಕೂದಲು ತೆಗೆದ ಹಾಗೆ, ಅಷ್ಟೆ. ಮೆಡಿಕಲ್ ಅಂಗಡಿಯ ಹತ್ತಿ ಅವರಿಗೆ ನಡೆಯುವುದಿಲ್ಲ, ಊರ ಹೊಲದ್ದೇ ಬೇಕು.

ಈ ಪರೀಕ್ಷೆಯಲ್ಲಿ ರಾಯರ ಮುಖ ವರ್ಷಗಟ್ಟಲೆ ಫೇಲಾಗಿದೆ. ಎಡಗಡೆ ಗದ್ದದ ಕೆಳಗೆ ಒಂದು ಸುಳಿ. ಅಲ್ಲಿ ಕೂದಲು ಒಂದೊಂದು ಒಂದೊಂದು ದಿಕ್ಕಿಗೆ ಮಲಗಿವೆ. ಬಿಸಿ ಬಟ್ಟೆ ಒತ್ತಿದರು, ಎರಡು ಸಲ ನೊರೆ ಹಚ್ಚಿದರು, ಅಡ್ಡ ಎಳೆದರು, ಎದುರು ಎಳೆದರು. ಅರಳೆ ಅಲ್ಲಿಗೆ ಬಂದು ನಿಲ್ಲುತ್ತದೆ. ರಾಯರು ಕಣ್ಣು ಮುಚ್ಚಿಕೊಂಡೇ "ಇನ್ನೂ ಅದ ನೋಡು" ಎನ್ನುತ್ತಾರೆ, ಸಾಲದ ಅರ್ಜಿ ತಿರಸ್ಕರಿಸಿದ ಧಾಟಿಯಲ್ಲಿ. ಬೇರೆಯವರಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದರು. ಲಾಲಪ್ಪನವರಿಗೆ ಅದು ನಿದ್ದೆಗೆಡಿಸುವ ಸಂಗತಿ.

ಹೋದ ಮಳೆಗಾಲದಲ್ಲಿ ರಾಯರ ಕುತ್ತಿಗೆ ಹಿಡಿದುಕೊಂಡಿತು. ಡಾಕ್ಟರು ತಲೆ ಹಿಂದಕ್ಕೆ ವಾಲಿಸಲೇಕೂಡದು ಎಂದುಬಿಟ್ಟರು. ತಲೆ ವಾಲದೆ ಕೆಂಪು ಕುರ್ಚಿಯಲ್ಲಿ ದಾಡಿಯಿಲ್ಲ. ರಾಯರು ಬರುವುದು ನಿಂತಿತು. ಒಮ್ಮೆ ತರಕಾರಿ ಮಾರ್ಕೆಟ್ಟಿನಲ್ಲಿ ಕುರುಚಲು ಗಡ್ಡದಲ್ಲಿ ಎದುರಾಗಿ, ಮಗ ಮಿಷಿನ್ ತಂದಿದ್ದಾನೆ ಎಂದು ನಾಚಿಕೊಂಡರು. ಲಾಲಪ್ಪ ಮನೆಗೆ ಬಂದು ಊಟಕ್ಕೆ ಏಳಲಿಲ್ಲ.

"ನಿಮ್ಮ ಕುರ್ಚಿ ಆಗಂಗಿಲ್ಲಂದ್ರ ನೆಲ ಅದಲ್ಲ" ಎಂದರು ಮಾನಮ್ಮ. "ಮಾವ ಯಾರ ತಲಿ ಹಿಂದಕ್ಕ ಬಗ್ಗಿಸಿದ್ರು?"

ಆ ಮಾತಿಗೆ ಲಾಲಪ್ಪ ಸಿಟ್ಟಾದರು. ಸಿಟ್ಟು ಇಳಿಯಲು ಎರಡು ಮೂರು ದಿನ ಹಿಡಿಯಿತು. ಇಳಿದ ಮೇಲೆ ಸೋಮವಾರ ಬರಲು ರಾಯರಿಗೆ ಹೇಳಿಕಳಿಸಿದರು. ಪುಣೆಯಲ್ಲಿ ಸೋಮವಾರ ಕಟಿಂಗ್ ಅಂಗಡಿಗಳಿಗೆ ರಜೆ, ನೋಡುವವರು ಯಾರೂ ಇರುವುದಿಲ್ಲ. ಷಟರ್ ಮೊಣಕಾಲುದ್ದಕ್ಕೆ ಇಳಿಸಿ, ಎರಡು ಮಣೆ ಹಾಕಿ, ರಾಯರೂ ಲಾಲಪ್ಪನವರೂ ಎದುರುಬದುರು ಕೂತರು. ದಿನಾ ಸಂಧ್ಯಾವಂದನೆಗೆ ಕೂರುವ ರಾಯರಿಗೆ ನೆಲ ಹೊಸದಲ್ಲ. ಲಾಲಪ್ಪನವರ ಮೊಣಕಾಲು ಮಾತ್ರ ನೋಯುತ್ತಿತ್ತು.

ಕತ್ತಿ ಸುಳಿಯ ಹತ್ತಿರ ಬಂದಾಗ ಅವರಿಗೆ ಗೊತ್ತಾಯಿತು. ಇಷ್ಟು ವರ್ಷ ಕುರ್ಚಿಯಲ್ಲಿ ಕತ್ತು ಬಿಲ್ಲಿನ ಹಾಗೆ ಬಗ್ಗಿ, ಚರ್ಮ ಬಿಗಿದು, ಸುಳಿಯ ಕೂದಲು ಒಳಗೆ ಅಡಗಿ ಕೂರುತ್ತಿದ್ದವು. ಈಗ ಕತ್ತು ನೆಟ್ಟಗಿದೆ, ಚರ್ಮ ಸಡಿಲ. ಎಡಗೈಯ ಎರಡು ಬೆರಳಲ್ಲಿ ಅದನ್ನು ಕಿವಿಯ ಕಡೆಗೆ ಮೆಲ್ಲಗೆ ಸರಿಸಿದರೆ ಕೂದಲು ತಾವಾಗಿ ತಲೆಯೆತ್ತುತ್ತವೆ. ತಂದೆಯ ಬೆರಳು ಹೀಗೇ ಸರಿಯುತ್ತಿದ್ದದ್ದು ನೆನಪಾಯಿತು. ನೋಡಿದ್ದರು, ಕಲಿತಿರಲಿಲ್ಲ.

ಅರಳೆ ಎಳೆದರು. ಅದು ಗದ್ದದ ಕೆಳಗಿನಿಂದ ಕಿವಿಯವರೆಗೆ ಎಲ್ಲೂ ನಿಲ್ಲದೆ ಬಂತು. ರಾಯರು ನಂಬದೆ ತಾವೇ ಇಸಿದುಕೊಂಡು ಎಳೆದುಕೊಂಡರು. ಆಮೇಲೆ ಕಣ್ಣು ಬಿಟ್ಟರು.

"ಇಲ್ಲೋ ಲಾಲಪ್ಪ. ಏನೂ ಇಲ್ಲ."

ಲಾಲಪ್ಪನವರಿಗೆ ಖುಷಿಯಾಯಿತು. ಆದರೂ "ಅಪ್ಪ ಇದ್ದಾಗ ಒಮ್ಮೆರ ಬಾಜೂಕ ಕುಂತು ನೋಡ್ಬೇಕಿತ್ತರಿ" ಎಂದು ಈಗಲೂ ಹೇಳುತ್ತಾರೆ. ರಾಯರು ಮಾತ್ರ ಮಣೆಯಿಂದ ಏಳುತ್ತಾ ಕೇಳಿದ್ದು ಒಂದೇ: "ನಾಳೆ ಎಷ್ಟೊತ್ತಿಗೆ ಬರ್ಲಿ?" ನಾಳೆ ಮಂಗಳವಾರ, ಅಂಗಡಿ ತುಂಬ ಜನ. ಲಾಲಪ್ಪ ಕತ್ತಿಯನ್ನು ಅದರ ಬಟ್ಟೆಯಲ್ಲಿ ಒರೆಸಿ ಮಡಚುತ್ತ, "ದಿನಾ ಬರೋ ಹೊತ್ತಿಗೇ ಬರ್ರಿ" ಎಂದರು.

ಈಗ ದಿನಾ ಬೆಳಿಗ್ಗೆ ಪಟ್ಟಿಯ ಸದ್ದು ನಿಂತಮೇಲೆ ಷಟರ್ ಪೂರ್ತಿ ಮೇಲೇರುತ್ತದೆ. ಬಾಗಿಲಿಗೆ ಎದುರಾಗಿ, ಓಣಿಗೆಲ್ಲ ಕಾಣುವಂತೆ ಎರಡು ಮಣೆ. ಇವತ್ತು ಕಾಯುತ್ತ ನಿಂತ ಓಂಕಾರ್ ಎಂಬ ಹುಡುಗ, ಕುರ್ಚಿ ಮುರಿಯಿತೇ ಕಾಕಾ ಎಂದು ಮರಾಠಿಯಲ್ಲಿ ಕೇಳುತ್ತಾನೆ. ರಾಯರ ಗದ್ದದ ಮೇಲೆ ಕಣ್ಣಿಟ್ಟ ಲಾಲಪ್ಪ ಮರೆತು ಕನ್ನಡದಲ್ಲೇ ಉತ್ತರಿಸುತ್ತಾರೆ.

"ಕುರ್ಚಿಗೇನಾಗಿಲ್ಲಪ. ಇದು ನಮ್ಮಪ್ಪನ ಕೆಲಸ. ಮುಗೀಲಿ, ಕುಂದ್ರು."