ಪೆಟ್ಟಿಗೆ ಮೇಲೆ ಬರೆದ ವೇಗ

ತಾಳಗುಂದದ ಸಣ್ಣಬೀರಪ್ಪ ಈಗಲೂ ಕುರಿ ಕಾಯುತ್ತಾನೆ. ಅವನ ಮಗ ಮಾಳೇಶ ಶಿಕಾರಿಪುರದಲ್ಲಿ ಮದುವೆ ವಿಡಿಯೋ ಅಂಗಡಿ ಇಟ್ಟು ಹದಿನೈದು ವರ್ಷವಾಯಿತು. ಹತ್ತಡಿ ಅಗಲದ ಮಳಿಗೆ, ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್. ಮಂಟಪದ ಮುಂದೆ ಕೂತ ಮುದುಕಿಯರನ್ನು ಅವನು ಒಂದು ದಿನವೂ ‘ಸರೀರಿ’ ಅಂದವನಲ್ಲ. ತಾನೇ ಮಂಡಿಯೂರಿ ಸಂದಿಯಲ್ಲಿ ಕ್ಯಾಮೆರಾ ತೂರಿಸುತ್ತಾನೆ. ಊಟಕ್ಕೆ ಕೂರುವುದು ಕಡೇ ಪಂಕ್ತಿಗೆ. ಅವನಿಗೆ ಬೆಸುಗೆ ಹಾಕಲು ಕಲಿಸಿದವನು ನಾನು. ನನಗೆ ಯಾರೂ ಕಲಿಸಲಿಲ್ಲ. ಸೊರಬದಲ್ಲಿ ಕೆಟ್ಟ ರೇಡಿಯೋ ಬಿಚ್ಚಿ ಬಿಚ್ಚಿ ಕೈ ಸುಟ್ಟುಕೊಂಡು ಕಲಿತೆ.

ಕಳೆದ ವರ್ಷ ಮದುವೆಯ ಕಾಲದಲ್ಲಿ ಮಾಳೇಶನ ಕಂಪ್ಯೂಟರ್ ಏದುಸಿರು ಬಿಡಲು ಶುರುಮಾಡಿತು. ವಿಡಿಯೋ ಜೋಡಿಸಲು ಕೂತರೆ ಗಳಿಗೆಗೊಮ್ಮೆ ಕಲ್ಲಾಗಿ ನಿಲ್ಲುತ್ತಿತ್ತು. ರ‍್ಯಾಮ್ ಸಾಲದೆಂದು ಹೊಸದಾಗಿ ಎರಡು ಪಟ್ಟಿ ತರಿಸಿದ. ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸಕ್ಕೆ ಕೂತಾಗ ಸಾಮಾನು ಹರವಿಕೊಳ್ಳುವ ಕಟ್ಟೆ. ಕ್ಯಾಮೆರಾದಿಂದ ಬಂದದ್ದೆಲ್ಲ ಆ ಕಟ್ಟೆಯ ಮೇಲೆ ಕೂತೇ ಒಳಗೆ ಹೋಗಬೇಕು. ಪೆಟ್ಟಿಗೆಯ ಮೇಲೆ 3200 ಎಂದು ವೇಗ ಬರೆದಿತ್ತು. ಹಾಕಿ ನೋಡಿದರೆ ಯಂತ್ರ 2133 ಎಂದು ತೋರಿಸಿತು.

ನನಗೆ ಫೋನ್ ಮಾಡಿದ. “ಅಜ್ಜಾರ, ಮೋಸ ಮಾಡ್ಯಾರೆ. ಬರೆದಿದ್ದೇ ಒಂದು, ಓಡೋದೇ ಒಂದು.”

“ಮೋಸ ಅಲ್ಲವೋ. ನೀನು ಹೇಳದೆ ಅದು ಆ ವೇಗಕ್ಕೆ ಹೋಗಲ್ಲ. ಯಂತ್ರ ಏಳೋ ಮುಂಚೆ ಸೆಟ್ಟಿಂಗಿಗೆ ಹೋಗಿ ನೀನೇ ಆರಿಸಬೇಕು. ಹಳೇ ಪಟ್ಟಿ ಎರಡನ್ನೂ ತೆಗೆದಿಡು. ಹೊಸವು ಮಾತ್ರ ಹಾಕಿ, ಬೆಳಿಗ್ಗೆಯಿಂದ ಸಂಜೆ ತನಕ ಮೆಮೊರಿ ಪರೀಕ್ಷೆ ಓಡಿಸು. ಒಂದೇ ಒಂದು ತಪ್ಪು ತೋರಿಸಿದ್ರೂ ವೇಗ ಇಳಿಸು.”

“ಹಳೇವೂ ಚೆನ್ನಾಗೇ ಅದಾವಲ್ರೀ?”

“ಇಬ್ಬರೂ ಒಳ್ಳೇವರಾದ ಮಾತ್ರಕ್ಕೆ ಹೊಂದ್ಕೊಂಡು ಬಾಳ್ತಾರೆ ಅಂತಿಲ್ಲ. ಮದುವೆ ತೆಗೆಯೋನಿಗೆ ಇದನ್ನೂ ನಾನೇ ಹೇಳಬೇಕೇನೋ?”

ನಕ್ಕ. ನಕ್ಕು ನಾಲ್ಕೂ ಪಟ್ಟಿಯನ್ನು ಒಟ್ಟಿಗೆ ಬಿಟ್ಟು ವೇಗ ಮಾತ್ರ ಏರಿಸಿದ. ಯಂತ್ರ ಎದ್ದಿತು. ಅಷ್ಟಕ್ಕೇ ಗೆದ್ದೆ ಅಂದುಕೊಂಡ. ಮಾರನೇ ದಿನ ಶುಕ್ರವಾರ. ಕಂಪ್ಯೂಟರಿಗೆ ಕುಂಕುಮವಿಟ್ಟು, ಹೂವೇರಿಸಿ, ಆರತಿ ಎತ್ತಿದ. ಅವರ ಮನೆಯಲ್ಲಿ ಒಂದು ಪದ್ಧತಿಯುಂಟು. ಆರತಿಯಾದ ಹೊಸ ವಸ್ತು ಮೊದಲ ಕೆಲಸ ಮುಗಿಸುವ ತನಕ ಅದನ್ನು ನಿಲ್ಲಿಸುವಂತಿಲ್ಲ, ಮಡಚುವಂತಿಲ್ಲ. ಕಂಬಳಿಗೂ ಅದೇ, ಕಂಪ್ಯೂಟರಿಗೂ ಅದೇ. ಪರೀಕ್ಷೆ ಓಡಿಸಬೇಕೆಂದರೆ ಯಂತ್ರ ನಿಲ್ಲಿಸಿ ಮತ್ತೆ ಏಳಿಸಬೇಕಿತ್ತು. ಇದೊಂದು ಮದುವೆಯ ವಿಡಿಯೋ ಒಳಗೆ ಇಳಿಯಲಿ, ಆಮೇಲೆ ನೋಡಿದರಾಯಿತು ಅಂದ.

ಆ ಒಂದು ಮದುವೆ ಸೊರಬದ ಜೋಳದ ವ್ಯಾಪಾರಿ ವೀರಬಸಪ್ಪನವರ ಮಗಳು ಗಂಗಾಶ್ರೀಯದು. ಹಿಂದಿನ ದಿನ ಮುಗಿದಿತ್ತು. ಗಂಗಾಶ್ರೀಯ ತಾಯಿ ನೀಲಾಂಬಿಕಮ್ಮನಿಗೆ ಗಂಟಲಲ್ಲಿ ಹುಣ್ಣು. ಮುಂದಿನ ವಾರ ಆಪರೇಷನ್, ಆಮೇಲೆ ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ತಾಯಿ ಅಕ್ಷತೆಯಾದ ಮೇಲೆ ಮೈಕು ಕೈಗೆ ತಗೊಂಡು, ಮಗಳಿಗೆ ಹೇಳಬೇಕಾದದ್ದನ್ನೆಲ್ಲ ಜನರ ಮುಂದೆಯೇ ಹೇಳಿತು. ಮೂರು ನಿಮಿಷ. ನಡುವೆ ನಿಂತು ನೀರು ಕುಡಿಯಿತು. ಮಾಳೇಶ ಮಂಡಿಯೂರಿ ಅಷ್ಟನ್ನೂ ಹಿಡಿದಿದ್ದ.

ಕ್ಯಾಮೆರಾದ ಆ ಕಾರ್ಡನ್ನು ಹೊಸ ರ‍್ಯಾಮಿನ ಯಂತ್ರಕ್ಕೆ ಚುಚ್ಚಿ ಎಲ್ಲವನ್ನೂ ಇಳಿಸಿಕೊಂಡ. ಪೂಜೆಯಾದ ಯಂತ್ರದಲ್ಲಿ ಮೊದಲು ನೋಡುವುದು ಶುಭದ್ದೇ ಇರಲಿ ಎಂದು ತಾಳಿ ಕಟ್ಟುವುದನ್ನು ಹಾಕಿ ನೋಡಿದ. ಚೊಕ್ಕವಾಗಿತ್ತು. ಬೇರೆ ಏನನ್ನೂ ತೆರೆಯದೆ ಕಾರ್ಡ್ ಅಳಿಸಿದ. ಮರುದಿನ ಹೊಸಬಾಳೆ ಊರಿನ ಮದುವೆಗೆ ಅದೇ ಕಾರ್ಡು ಹೋಯಿತು, ಕಂಠಮಟ್ಟ ತುಂಬಿಕೊಂಡು ಬಂತು.

ನೀಲಾಂಬಿಕಮ್ಮ ಆಪರೇಷನ್ ಮೇಜಿನಿಂದ ಏಳಲಿಲ್ಲ. ಮೂರನೇ ದಿನ ವೀರಬಸಪ್ಪನವರ ಫೋನು: “ಅವಳು ಮಾತಾಡಿದ್ದೊಂದು ಮೊದಲು ಕೊಡಪ್ಪಾ. ಮಿಕ್ಕಿದ್ದು ನಿಧಾನಕ್ಕಾಗಲಿ.”

ಆಗ ತೆರೆದ. ಮುಖವಿರಬೇಕಾದಲ್ಲಿ ಹಸಿರು, ನೇರಳೆ ಚೌಕಗಳು ಕುಣಿಯುತ್ತಿದ್ದವು. ಮಾತಿನ ಜಾಗದಲ್ಲಿ ತಗಡು ಗೀಚಿದಂಥ ಕಿರುಚು. ನಡುವೆ ಒಂದೇ ಒಂದು ಸಲ “ಗಂಗಾ” ಎಂದು ಸ್ಪಷ್ಟವಾಗಿ ಕೇಳಿ, ಮತ್ತೆ ಕಿರುಚು.

ನಾನು ಬಸ್ಸು ಹತ್ತಿ ಹೋದೆ. ಮೊದಲು ಪರೀಕ್ಷೆ ಓಡಿಸಿದೆ. ಹನ್ನೊಂದು ನಿಮಿಷಕ್ಕೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಗೆರೆ. ಹಳೇ ಪಟ್ಟಿ ಕಿತ್ತೆ. 3200ರಲ್ಲಿ ನಾಲ್ಕು ಗಂಟೆ ಸುಮ್ಮನಿದ್ದು ಆಮೇಲೆ ಒಂದು ತಪ್ಪು ತೋರಿಸಿತು. ಮಾರನೇ ದಿನ 2933ಕ್ಕೆ ಇಳಿಸಿದೆ. ಬೆಳಗಿನಿಂದ ಸಂಜೆವರೆಗೆ ಒಂದು ತಪ್ಪೂ ಇಲ್ಲ. ಎರಡು ಹಗಲಿನ ಕೆಲಸ, ಅಷ್ಟೇ. ಅಳಿಸಿದ ಕಾರ್ಡಿನಿಂದ ಹಳೆಯದನ್ನು ಎತ್ತುವ ದಾರಿಯೂ ನನಗೆ ಗೊತ್ತು. ಆದರೆ ಅದರ ಮೇಲೆ ಹೊಸಬಾಳೆಯ ಮದುವೆ ಅಂಚಿನವರೆಗೆ ಕೂತಿತ್ತು.

ಸಣ್ಣಬೀರಪ್ಪ ಅಂಗಡಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. “ಹೊಸ ಕುರಿ ತಂದ್ರೆ ಎಂಟು ದಿನ ಬೇರೆ ರೊಪ್ಪದಾಗೆ ಕೂಡಿ ಬಾಯಿ, ಗೊರಸು, ಹಿಕ್ಕೆ ನೋಡ್ತೀವಿ. ನನ್ನ ಹೊಟ್ಟ್ಯಾಗೆ ಹುಟ್ಟಿ ಅವತ್ತೇ ಹಿಂಡಿಗೆ ಬಿಟ್ಯೇನಲೇ?”

ಮಾಳೇಶ ಆ ಕೆಟ್ಟ ವಿಡಿಯೋವನ್ನು ಒಂದು ಲ್ಯಾಪ್‌ಟಾಪಿಗೆ ಹಾಕಿಕೊಂಡ.

ಸೊರಬಕ್ಕೆ ನಾನೂ ಅವನೂ ಹೋದೆವು. ವೀರಬಸಪ್ಪನವರೇ ದಾರಿ ಬಿಟ್ಟುಕೊಟ್ಟರು: “ಕ್ಯಾಮೆರಾ ಕೆಟ್ಟಿತ್ತೇನಪ್ಪಾ?” ಹೂಂ ಎಂದಿದ್ದರೆ ಮುಗಿಯುತ್ತಿತ್ತು.

“ಇಲ್ರೀ. ಕ್ಯಾಮೆರಾ ಚೆನ್ನಾಗಿತ್ತು. ನಾನು ಪರೀಕ್ಷೆ ಮಾಡದೆ ಇಳಿಸಿದೆ, ನೋಡದೆ ಅಳಿಸಿದೆ.”

ಗಂಗಾಶ್ರೀ ಗೋಡೆಗೊರಗಿ ಕೂತಿದ್ದಳು. “ಇರೋದನ್ನೇ ಹಾಕಿ ಅಣ್ಣ,” ಅಂದಳು. ಹಾಕಿದ. ಚೌಕಗಳು, ಕಿರುಚು, “ಗಂಗಾ”, ಕಿರುಚು.

“ಇನ್ನೊಂದು ಸಲ.”

ನಾಲ್ಕನೇ ಸಲಕ್ಕೆ ವೀರಬಸಪ್ಪ ಎದ್ದು ಬಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. “ಅವಳು ಏನೇನು ಅಂದಳು ನೆನಪೈತೇನಮ್ಮ?” ಎಂದು ಮಗಳನ್ನು ಕೇಳಿದರು.

“ಇಲ್ಲ ಅಪ್ಪಾಜಿ. ಅಳ್ತಾ ಇದ್ದೆ. ವಿಡಿಯೋದಾಗೆ ಇರುತ್ತಲ್ಲ ಅಂದ್ಕೊಂಡಿದ್ದೆ.”

ಮಾಳೇಶ ಈಗಲೂ ಮದುವೆ ತೆಗೆಯುತ್ತಾನೆ. ಯಂತ್ರ 2933ರಲ್ಲಿ ಓಡುತ್ತದೆ, ಒಮ್ಮೆಯೂ ತಡವರಿಸಿಲ್ಲ. ಮನೆಯವರು ಪೂರ್ತಿ ನೋಡಿ ಹೂಂ ಅನ್ನುವ ತನಕ ಯಾವ ಕಾರ್ಡನ್ನೂ ಅಳಿಸುವುದಿಲ್ಲ. ಹೊಸ ಸಾಮಾನಿಗೆ ಮೊದಲು ಪರೀಕ್ಷೆ, ಆಮೇಲೆ ಆರತಿ. ಮೊದಲಿನಂತೆ ನಗುವುದು ಬಿಟ್ಟಿದ್ದಾನೆ. ಆ ಕೆಟ್ಟ ವಿಡಿಯೋ ಮಾತ್ರ ಪರದೆಯ ಮೂಲೆಯಲ್ಲಿ ಹಾಗೇ ಇದೆ.

ಎರಡು ಮೂರು ತಿಂಗಳಿಗೊಮ್ಮೆ ಗಂಗಾಶ್ರೀಯ ಫೋನು ಬರುತ್ತದೆ. “ಮಾಳೇಶಣ್ಣ, ಸರಿ ಮಾಡೋಕೆ ಹೊಸ ಸಾಫ್ಟ್‌ವೇರ್ ಏನಾದ್ರೂ ಬಂತಾ?”

“ನೋಡ್ತಾ ಇದೀನಮ್ಮ,” ಅನ್ನುತ್ತಾನೆ.

ಹೋದ ಸಲ ನಾನು ಪಕ್ಕದಲ್ಲೇ ಇದ್ದೆ. “ಅಲ್ಲಿ ಮಾತೇ ಉಳಿದಿಲ್ಲ, ಯಾವ ಸಾಫ್ಟ್‌ವೇರೂ ತರೋದಿಲ್ಲ. ಆ ಹುಡುಗಿಗೆ ಹೇಳಿಬಿಡೋ,” ಎಂದು ದನಿ ತಗ್ಗಿಸಿ ಬೈದೆ.

ಅವನು ಫೋನನ್ನು ನನ್ನತ್ತ ಚಾಚಿದ. “ನೀವೇ ಹೇಳ್ರಿ ಅಜ್ಜಾರ.”

ಕೈಗೆ ತಗೊಂಡೆ. ಆ ಕಡೆಯಿಂದ “ಹಲೋ ಅಣ್ಣ, ಇದೀರಾ?” ಅಂದಳು. ನಾನು ಫೋನನ್ನು ಅವನ ಕೈಗೇ ವಾಪಸ್ಸಿಟ್ಟೆ.